ಬಿದ್ದದ್ದೆಲ್ಲ ಸತ್ತದ್ದಲ್ಲ

ಜಿರಲೆ ಕೊಲ್ಲಲೆಂದು ಅಂಗಡಿಯಲ್ಲಿ ಮಾರುವ ಸ್ಪ್ರೇ ಡಬ್ಬಿಯ ಮುಂಭಾಗವನ್ನು ಎಲ್ಲರೂ ನೋಡುತ್ತಾರೆ. ಹಿಂಭಾಗದ ಸಣ್ಣಕ್ಷರ ಓದುವವರು ಕಡಿಮೆ. ಓದಿದರೆ ಅಲ್ಲಿ ಸಾಮಾನ್ಯವಾಗಿ ಎರಡು ವಿಷಗಳ ಹೆಸರು ಸಿಗುತ್ತದೆ. ನಮ್ಮಲ್ಲಿ ಬಳಕೆಯಲ್ಲಿರುವ ಒಂದು ಮಿಶ್ರಣದಲ್ಲಿ ಇಮಿಪ್ರೊಥ್ರಿನ್ ಶೇ. 0.07, ಸೈಪರ್‌ಮೆಥ್ರಿನ್ ಶೇ. 0.2. ಮೊದಲನೆಯದು ಮೈಗೆ ತಾಕಿದ ಕೆಲವೇ ಕ್ಷಣಗಳಲ್ಲಿ ಜಿರಲೆಯನ್ನು ಅಂಗಾತ ಕೆಡವುತ್ತದೆ. ಎರಡನೆಯದು ನಿಧಾನಿ. ಬಿದ್ದ ಜಿರಲೆ ಮತ್ತೆ ಏಳದಂತೆ ನೋಡಿಕೊಳ್ಳುವುದು, ಸಿಂಕಿನ ಕೆಳಗಿನ ಮೂಲೆಗೆ ಅಂಟಿಕೊಂಡು ಆಮೇಲೆ ಬರುವವುಗಳಿಗೂ ಕಾದಿರುವುದು ಅದರ ಕೆಲಸ. ಒಂದು ಡಬ್ಬಿ ಕೊಂಡವರ ಸಮಾಧಾನಕ್ಕೆ, ಇನ್ನೊಂದು ಜಿರಲೆಯ ಸಂಹಾರಕ್ಕೆ ಎಂದು ಬೇರೆ ಬೇರೆ ಮಾರಿದರೆ ಯಾರು ಕೊಂಡಾರು? ಹಾಗಾಗಿ ಎರಡನ್ನೂ ಒಟ್ಟಿಗೆ ತುಂಬಿದ್ದಾರೆ.

ಪೆಸ್ಟ್ ಕಂಟ್ರೋಲ್ ವೃತ್ತಿಯವರು ಈ ಎರಡು ಗುಣಗಳನ್ನು ‘ನಾಕ್‌ಡೌನ್’, ‘ರೆಸಿಡ್ಯುಯಲ್’ ಎಂದು ಕರೆಯುತ್ತಾರೆ. ತಾಕಿದ ಕೂಡಲೇ ಕೆಡವುವುದು ಒಂದು. ಹೊಡೆದ ಜಾಗದಲ್ಲೇ ಉಳಿದು ವಾರಗಟ್ಟಲೆ, ತಿಂಗಳುಗಟ್ಟಲೆ ಕೊಲ್ಲುತ್ತಲೇ ಇರುವುದು ಇನ್ನೊಂದು. ಎರಡೂ ಒಂದೇ ಔಷಧಿಯಲ್ಲಿ ಚೆನ್ನಾಗಿ ಕೂಡಿಬರುವುದು ಅಪರೂಪ. ಮನೆಯವರ ಪ್ರಶ್ನೆ ಮಾತ್ರ ಯಾವಾಗಲೂ ಒಂದೇ: ‘ಹೊಡೆದ ತಕ್ಷಣ ಸಾಯುತ್ತಾ?’ ದುಡ್ಡು ಕೊಟ್ಟ ಮೇಲೆ ನೆಲದ ಮೇಲೆ ನಾಲ್ಕು ಹೆಣ ಬಿದ್ದಿರಬೇಕು, ಇಲ್ಲದಿದ್ದರೆ ನೀರು ಹೊಡೆದು ಹೋದರೆಂಬ ಅನುಮಾನ. ಕಸುಬು ಬಲ್ಲವನು ಕೇಳಿಕೊಳ್ಳುವ ಪ್ರಶ್ನೆಗಳೇ ಬೇರೆ. ಈ ಹುಳ ಹಗಲೆಲ್ಲ ಎಲ್ಲಿ ಅಡಗಿರುತ್ತದೆ? ಹೊರಗೆ ಬಂದರೆ ಎಲ್ಲಿ ಕೂರುತ್ತದೆ, ಎಷ್ಟು ಹೊತ್ತು ಕೂರುತ್ತದೆ? ಮೊಟ್ಟೆ ಒಡೆಯಲು ಎಷ್ಟು ದಿನ ಬೇಕು? ಔಷಧಿಯ ಆಯ್ಕೆ ನಿಂತಿರುವುದು ಈ ಉತ್ತರಗಳ ಮೇಲೆ.

ತಕ್ಷಣ ಕೆಡವುವ ಮದ್ದಿನ ಮೂಲ ಒಂದು ಹೂವು. ಸೇವಂತಿಗೆಯ ಬಳಗಕ್ಕೆ ಸೇರಿದ, ಬಿಳಿ ಎಸಳಿನ ಪೈರೆಥ್ರಮ್. ಆಡ್ರಿಯಾಟಿಕ್ ಕಡಲ ದಂಡೆಯ ಡಾಲ್ಮೇಷಿಯಾ ಅದರ ತವರು. ಮುಂದೆ ಅದನ್ನು ಜಪಾನ್ ಬೆಳೆಯಿತು, ಕೆನ್ಯಾ ಬೆಳೆಯಿತು. ಒಣಗಿದ ಹೂವಿನ ಪುಡಿಯನ್ನು ಬೆರೆಸಿ 1890ರ ಹೊತ್ತಿಗೆ ಜಪಾನಿನಲ್ಲಿ ಸೊಳ್ಳೆಯ ಕಡ್ಡಿ ಬಂತು, 1902ರಲ್ಲಿ ಸುರುಳಿಯಾಕಾರದ ಕಾಯಿಲ್ ಮಾರುಕಟ್ಟೆಗೆ ಬಂತು. ಹೂವಿನ ಸಾರವನ್ನು ಸೀಮೆಎಣ್ಣೆಯಲ್ಲಿ ಕರಗಿಸಿ ಫ್ಲಿಟ್ ಪಂಪಿನಲ್ಲಿ ಹೊಡೆಯುವ ರೂಢಿಯೂ ಬಂತು. ಈ ಸಾರದಲ್ಲಿರುವ ಪೈರೆಥ್ರಿನ್‌ಗಳು ಕೀಟದ ನರತಂತುಗಳಲ್ಲಿ ಸೋಡಿಯಂ ಒಳಬರುವ ಬಾಗಿಲುಗಳನ್ನು ಮುಚ್ಚಲು ಬಿಡುವುದಿಲ್ಲ. ನರ ಒಂದೇ ಸಮನೆ ಮಿಡಿಯತೊಡಗುತ್ತದೆ, ಕಾಲು ಸೆಟೆಯುತ್ತದೆ, ಹುಳ ಉರುಳುತ್ತದೆ.

ಆದರೆ ಉರುಳಿದ್ದೆಲ್ಲ ಸಾಯುವುದಿಲ್ಲ. ಪ್ರಮಾಣ ಕಡಿಮೆಯಾದರೆ ಕೀಟದ ಮೈಯೊಳಗಿನ ಕಿಣ್ವಗಳು ವಿಷವನ್ನು ಒಡೆದುಹಾಕುತ್ತವೆ. ರಾತ್ರಿ ಬಿದ್ದ ನೊಣ ಬೆಳಗ್ಗೆ ಎದ್ದು ಹಾರಿಹೋಗುತ್ತದೆ. ಇದಕ್ಕೆ ಮೊದಲ ಮದ್ದು ಸಿಕ್ಕಿದ್ದು ನಮ್ಮೆಲ್ಲರ ಅಡುಗೆಮನೆಯ ಎಳ್ಳೆಣ್ಣೆಯಲ್ಲಿ. ಎಳ್ಳೆಣ್ಣೆ ಬೆರೆಸಿದರೆ ಪೈರೆಥ್ರಮ್ಮಿನ ಕಸುವು ಹೆಚ್ಚುತ್ತದೆಂದು 1940ರಲ್ಲಿ ಕಂಡುಕೊಂಡರು. ಆ ಗುಣ ಅದರಲ್ಲಿರುವ ಸೆಸಮಿನ್ ಎಂಬ ವಸ್ತುವಿನದೆಂದು ಆಮೇಲೆ ತಿಳಿಯಿತು. ಇದೇ ಜಾಡಿನಲ್ಲಿ ಬಂದದ್ದು ಪೈಪರೊನಿಲ್ ಬ್ಯುಟಾಕ್ಸೈಡ್. ವಿಷ ಒಡೆಯುವ ಕಿಣ್ವಗಳ ಕೈಕಟ್ಟಿಹಾಕುವುದು ಅದರ ಕೆಲಸ. ಇಂದಿಗೂ ಎಷ್ಟೋ ಸ್ಪ್ರೇಗಳಲ್ಲಿ ಇದು ಇರುತ್ತದೆ.

ಹೂವಿನ ಮದ್ದಿಗೆ ಇನ್ನೊಂದು ಕೊರತೆಯಿತ್ತು: ಬಿಸಿಲು ಕಂಡರೆ ಕರಗಿಹೋಗುತ್ತದೆ. 1930ರ ದಶಕದ ಕೊನೆಯಲ್ಲಿ ರಾಕ್‌ಫೆಲ್ಲರ್ ಫೌಂಡೇಶನ್ನಿನ ಪಾಲ್ ರಸೆಲ್ ತಂಜಾವೂರು ಜಿಲ್ಲೆಯ ಪಟ್ಟುಕೋಟೆಯ ಸುತ್ತಮುತ್ತ ಮನೆಮನೆಗೆ ಪೈರೆಥ್ರಮ್ ಹೊಡೆಸಿ ಮಲೇರಿಯಾ ಹತೋಟಿಯ ಪ್ರಯೋಗ ನಡೆಸಿದರು. ಸೊಳ್ಳೆ ಸತ್ತವು, ಜ್ವರವೂ ಇಳಿಯಿತು. ಆದರೆ ಈ ವಾರ ಹೊಡೆದದ್ದು ಈ ವಾರಕ್ಕೇ ಮುಗಿಯಿತು. ಮತ್ತೆ ಮತ್ತೆ ಅದೇ ಮನೆ, ಅದೇ ಪಂಪು. ಒಂದು ತಾಲ್ಲೂಕಿನಲ್ಲಿ ಇದನ್ನು ಮಾಡಿ ತೋರಿಸಬಹುದು. ಲಕ್ಷಗಟ್ಟಲೆ ಹಳ್ಳಿಗಳ ದೇಶದಲ್ಲಿ ಯಾರು ಮಾಡಿಯಾರು?

ಅದೇ ಕಾಲದಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಗೈಗಿ ಕಂಪನಿಯಲ್ಲಿ ಪೌಲ್ ಮುಲ್ಲರ್ ಎಂಬ ರಸಾಯನಶಾಸ್ತ್ರಜ್ಞ ಒಂದಾದ ಮೇಲೊಂದು ವಸ್ತುವನ್ನು ನೊಣಗಳ ಮೇಲೆ ಪ್ರಯೋಗಿಸುತ್ತಿದ್ದರು. 1939ರಲ್ಲಿ ಅವರ ಕೈಗೆ ಬಂದದ್ದು ಡಿಡಿಟಿ. ಅದು ಹೊಸ ವಸ್ತುವೇನಲ್ಲ, 1874ರಲ್ಲೇ ಒಬ್ಬರು ತಯಾರಿಸಿದ್ದರು. ಅದು ಹುಳ ಕೊಲ್ಲುತ್ತದೆಂದು ಯಾರಿಗೂ ಹೊಳೆದಿರಲಿಲ್ಲ. ಡಿಡಿಟಿ ತಾಕಿದ ನೊಣ ಕೂಡಲೇ ಬೀಳುತ್ತಿರಲಿಲ್ಲ. ಆದರೆ ಒಮ್ಮೆ ಡಿಡಿಟಿ ಕಂಡ ಪೆಟ್ಟಿಗೆಯ ಗೋಡೆಯ ಮೇಲೆ ಕುಳಿತ ಹೊಸ ನೊಣಗಳೂ ಸಾಯುತ್ತಲೇ ಇದ್ದವು.

1948ರಲ್ಲಿ ಮುಲ್ಲರ್ ಅವರಿಗೆ ನೊಬೆಲ್ ಬಹುಮಾನ ಬಂತು. ಅದರ ಉಪನ್ಯಾಸದಲ್ಲಿ ಅವರು ಆದರ್ಶ ಕೀಟನಾಶಕಕ್ಕೆ ಏಳು ಲಕ್ಷಣಗಳನ್ನು ಹೇಳಿದರು. ಕೀಟಕ್ಕೆ ಕಡು ವಿಷವಾಗಿರಬೇಕು, ಬೇಗ ಕೆಲಸ ಮಾಡಬೇಕು, ಮನುಷ್ಯರಿಗೂ ದನಕರುಗಳಿಗೂ ಗಿಡಗಳಿಗೂ ಅಪಾಯ ಇರಬಾರದು, ಉರಿಯಾಗಲಿ ಕೆಟ್ಟ ವಾಸನೆಯಾಗಲಿ ಇರಬಾರದು, ಹಲವು ಬಗೆಯ ಕೀಟಗಳ ಮೇಲೆ ನಡೆಯಬೇಕು, ಬಹುಕಾಲ ಉಳಿಯಬೇಕು, ಅಗ್ಗವಾಗಿರಬೇಕು. ಪೈರೆಥ್ರಮ್ ಸೋತದ್ದು ಉಳಿಯುವ ಗುಣದಲ್ಲಿ. ಡಿಡಿಟಿ ಬೇಗ ಕೊಲ್ಲುವ ಪರೀಕ್ಷೆಯಲ್ಲಿ ಸೋತಿತು. ಅದು ದೊಡ್ಡ ಸೋಲೆಂದು ಅಂದು ಯಾರಿಗೂ ಅನಿಸಲಿಲ್ಲ.

ಈ ನಿಧಾನದ ವಿಷ ಭಾರತದಲ್ಲಿ ತನ್ನ ಶಕ್ತಿ ತೋರಿದ ಮೊದಲ ಗ್ರಾಮೀಣ ಪ್ರದೇಶಗಳಲ್ಲಿ ಕನ್ನಡ ನೆಲವೂ ಒಂದು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಮತ್ತು ಕೆನರಾ, ಅಂದರೆ ಇಂದಿನ ಉತ್ತರ ಕನ್ನಡ ಜಿಲ್ಲೆಗಳ ಹಳ್ಳಿಗಳಲ್ಲಿ ಡಿ.ಕೆ. ವಿಶ್ವನಾಥನ್ ಮತ್ತು ಟಿ. ರಾಮಚಂದ್ರ ರಾವ್ ಅವರ ತಂಡ ಮನೆಗಳ ಒಳಗೋಡೆಗೆ ಡಿಡಿಟಿ ಹೊಡೆಸಿತು. ಮೊದಲ ವರ್ಷದ ಫಲಿತಾಂಶ 1947ರಲ್ಲಿ ಪ್ರಕಟವಾಯಿತು. ಘಟ್ಟದ ಸೆರಗಿನ ಆ ಊರುಗಳ ಚಳಿಜ್ವರಕ್ಕೆ ಹೆದರಿ ಬಯಲುಸೀಮೆಯವರು ಅತ್ತ ಕಾಲಿಡಲು ಹಿಂಜರಿಯುತ್ತಿದ್ದ ಕಾಲ ಅದು. ಕಾಡಿನ ಹಳ್ಳದ ನೀರಿನಲ್ಲಿ ಹುಟ್ಟುವ ಅನಾಫಿಲಿಸ್ ಫ್ಲುವಿಯಾಟಿಲಿಸ್ ಸೊಳ್ಳೆಯ ಮರಿಗಳನ್ನು ಹಳ್ಳಹಳ್ಳಕ್ಕೂ ಹೋಗಿ ಕೊಲ್ಲುವುದು ಆಗದ ಮಾತು. ಮನೆಯ ಗೋಡೆ ಮಾತ್ರ ಕೈಗೆಟಕುವಂತಿತ್ತು.

ಇಲ್ಲಿ ಒಂದು ಲೆಕ್ಕಾಚಾರವಿದೆ, ಇಡೀ ಚರ್ಚೆಯ ತಿರುಳೇ ಅದು. ಮಲೇರಿಯಾ ಹರಡುವ ಹೆಣ್ಣು ಸೊಳ್ಳೆ ರಾತ್ರಿ ರಕ್ತ ಹೀರಿ, ಹೊಟ್ಟೆ ಭಾರವಾಗಿ, ಹತ್ತಿರದ ಗೋಡೆಯ ಮೇಲೆ ಕೂರುತ್ತದೆ. ಅದು ಹೀರಿದ ರೋಗಾಣು ಇನ್ನೊಬ್ಬರಿಗೆ ದಾಟುವಷ್ಟು ಬಲಿಯಲು ಸೊಳ್ಳೆಯ ಮೈಯೊಳಗೆ ಸುಮಾರು ಹತ್ತು ಹನ್ನೆರಡು ದಿನ ಬೇಕು. ಹಾಗಿರುವಾಗ ಆ ಸೊಳ್ಳೆ ಈ ಕ್ಷಣವೇ ಸಾಯಬೇಕೆಂದೇನೂ ಇಲ್ಲ. ಇವತ್ತು ಗೋಡೆಯಿಂದ ವಿಷ ಅಂಟಿಸಿಕೊಂಡು ನಾಳೆ ಸತ್ತರೂ ರೋಗದ ಸರಪಳಿ ತುಂಡಾಯಿತು. ವೇಗಕ್ಕೆ ಅಲ್ಲಿ ಬೆಲೆಯೇ ಇಲ್ಲ. ಆರು ತಿಂಗಳ ಕಾಲ ಗೋಡೆ ವಿಷವಾಗಿ ಉಳಿದರೆ ಸಾಕು.

1947ರಲ್ಲಿ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನಕ್ಕೆ ಮಲೇರಿಯಾ, ಎಂಟು ಲಕ್ಷ ಸಾವು ಎಂಬ ಅಂದಾಜಿತ್ತು. 1953ರಲ್ಲಿ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮ, 1958ರಲ್ಲಿ ನಿರ್ಮೂಲನಾ ಕಾರ್ಯಕ್ರಮ ಆರಂಭವಾದವು. 1965ರ ಹೊತ್ತಿಗೆ ವರದಿಯಾದ ಪ್ರಕರಣ ಒಂದು ಲಕ್ಷದ ಆಸುಪಾಸಿಗೆ ಇಳಿಯಿತು. ಮುಂದೆ 1976ರಲ್ಲಿ ಅದೇ ಸಂಖ್ಯೆ 64 ಲಕ್ಷ ದಾಟಿತು. ಆ ಕಥೆಗೆ ಆಮೇಲೆ ಬರೋಣ.

ಗೋಡೆಗೆ ಹೊಡೆಯುವುದು ಬಣ್ಣ ಬಳಿದಷ್ಟೇ ಸೂಕ್ಷ್ಮದ ಕೆಲಸ. ಸ್ಟಿರಪ್ ಪಂಪಿಗೆ ಇಬ್ಬರು ಬೇಕು: ಒಬ್ಬ ಬಕೆಟ್ಟಿನಲ್ಲಿ ಪಂಪು ಒತ್ತುತ್ತಾನೆ, ಇನ್ನೊಬ್ಬ ನಳಿಗೆಯ ತುದಿಯನ್ನು ಗೋಡೆಯಿಂದ 45 ಸೆಂಟಿಮೀಟರ್ ದೂರ ಹಿಡಿದು ಪಟ್ಟೆ ಪಟ್ಟೆಯಾಗಿ ಹೊಡೆಯುತ್ತಾನೆ. ತೀರ ಹತ್ತಿರ ಹಿಡಿದರೆ ನೀರು ಗೋಡೆಯಿಂದಿಳಿದು ನೆಲ ಸೇರುತ್ತದೆ, ದೂರ ಹಿಡಿದರೆ ಗಾಳಿಗೆ ಹೋಗುತ್ತದೆ. ಡಿಡಿಟಿಯಾದರೆ ಒಂದು ಚದರ ಮೀಟರಿಗೆ ಒಂದು ಗ್ರಾಂ. ಇವತ್ತಿನ ಡೆಲ್ಟಾಮೆಥ್ರಿನ್ ಆದರೆ ಅಷ್ಟೇ ಜಾಗಕ್ಕೆ ಕೇವಲ 20 ಮಿಲಿಗ್ರಾಂ. ಮ್ಯಾಲಥಿಯಾನ್ ಎರಡು ಗ್ರಾಂ ಬೇಕು, ಅದೂ ಮಣ್ಣಿನ ಗೋಡೆ, ಸುಣ್ಣದ ಗೋಡೆಯ ಮೇಲೆ ಬೇಗ ಕೆಡುತ್ತದೆ. ಆದ್ದರಿಂದ ವರ್ಷಕ್ಕೆ ಮೂರು ಸಲ ಹೊಡೆಯಬೇಕು.

ಮದ್ದಿನ ಹೆಸರಷ್ಟೇ ಅದರ ರೂಪವೂ ಮುಖ್ಯ. ಎಣ್ಣೆರೂಪದ, ನೀರಿಗೆ ಹಾಕಿದರೆ ಹಾಲಿನಂತೆ ಬೆಳ್ಳಗಾಗುವ ಔಷಧಿಯನ್ನು ಮಣ್ಣಿನ ಗೋಡೆಗೆ ಹೊಡೆದರೆ ಗೋಡೆ ಅದನ್ನು ಕುಡಿದುಬಿಡುತ್ತದೆ. ಕೂರುವ ಸೊಳ್ಳೆಯ ಕಾಲಿಗೆ ಏನೂ ಅಂಟುವುದಿಲ್ಲ. ಪುಡಿಯನ್ನು ನೀರಿನಲ್ಲಿ ಕದಡಿ ಹೊಡೆದರೆ ನೀರು ಇಂಗಿ ವಿಷದ ಕಣ ಮೇಲೆಯೇ ಉಳಿಯುತ್ತದೆ. ಆದರೆ ಬಿಳಿ ಕಲೆ ಬೀಳುತ್ತದೆ. ಹಳ್ಳಿಯ ಹೆಣ್ಣುಮಕ್ಕಳಿಗೆ ಈ ಕಲೆ ಎಂದೂ ಹಿಡಿಸಲಿಲ್ಲ. ಔಷಧಿಯವರು ಬೆನ್ನು ತಿರುಗಿಸಿದ ಮೇಲೆ ಸಗಣಿಯಿಂದ ಗೋಡೆ ಸಾರಿಸಿದರೆ, ಹಬ್ಬದ ಮುಂಚೆ ಸುಣ್ಣ ಬಳಿದರೆ, ಆರು ತಿಂಗಳ ಕಾವಲು ಆರು ದಿನಕ್ಕೇ ಮುಗಿದ ಹಾಗೆ. ಹೊಡೆದ ಗೋಡೆಯನ್ನು ಸಾರಿಸಬೇಡಿ, ಬಳಿಯಬೇಡಿ ಎಂಬ ಸೂಚನೆ ಇಂದಿಗೂ ಆರೋಗ್ಯ ಇಲಾಖೆಯ ಮಾರ್ಗಸೂಚಿಯಲ್ಲಿದೆ. ನಗರದ ಮನೆಗಳ ನುಣುಪು ಬಣ್ಣದ ಗೋಡೆಗೆ ಈ ಪುಡಿ ಸಲ್ಲದು. ಅಲ್ಲಿ ಕಲೆ ಕಾಣದ ದ್ರವರೂಪದ, ಅಥವಾ ವಿಷವನ್ನು ಕಣ್ಣಿಗೆ ಕಾಣದ ಕೋಶಗಳಲ್ಲಿ ತುಂಬಿ ಮೆಲ್ಲಗೆ ಬಿಡುವ ತಯಾರಿಕೆಗಳು ಬಂದಿವೆ.

ಹಾಗಾದರೆ ತಕ್ಷಣದ ಮದ್ದಿಗೆ ಜಾಗವೇ ಇಲ್ಲವೆ? ಇದೆ. ಡೆಂಗಿ ಅದಕ್ಕೆ ಉದಾಹರಣೆ.

ಡೆಂಗಿ ಹರಡುವ ಈಡಿಸ್ ಈಜಿಪ್ಟೈ ಹಗಲು ಕಚ್ಚುವ ಸೊಳ್ಳೆ. ಅದಕ್ಕೆ ಗೋಡೆಗಿಂತ ಕಪಾಟಿನೊಳಗೆ ತೂಗುಹಾಕಿದ ಬಟ್ಟೆ, ಮಂಚದ ಅಡಿ, ಪರದೆಯ ಮಡಿಕೆ ಇಷ್ಟ. ಒಂದು ಮನೆಯಲ್ಲಿ ಡೆಂಗಿ ರೋಗಿ ಇದ್ದರೆ ಆ ಮನೆಯಲ್ಲೂ ನೆರೆಯಲ್ಲೂ ಸೋಂಕು ಹೊತ್ತ ಸೊಳ್ಳೆ ಹಾರಾಡುತ್ತಿರಬಹುದು. ಅದು ಗೋಡೆಗೆ ಬಂದು ಕೂರುವವರೆಗೆ ಕಾಯಲು ಪುರಸೊತ್ತಿಲ್ಲ. ಅಲ್ಲಿ ಹೂವಿನ ಸಾರವೇ ಮತ್ತೆ ಕೆಲಸಕ್ಕೆ ಬರುತ್ತದೆ. ಶೇ. 2ರ ಪೈರೆಥ್ರಮ್ ಸಾರ ಒಂದು ಪಾಲಿಗೆ ಸೀಮೆಎಣ್ಣೆ ಹತ್ತೊಂಬತ್ತು ಪಾಲು ಬೆರೆಸಿ, ಕಿಟಕಿ ಬಾಗಿಲು ಮುಚ್ಚಿ, ಕೋಣೆಯೊಳಗೆ ಮಂಜಿನಂತೆ ಹೊಡೆಯುತ್ತಾರೆ. ಹಾರುವ ಸೊಳ್ಳೆ ಅಲ್ಲೇ ಬೀಳುತ್ತದೆ. ನಾಳೆಗೆ ಏನೂ ಉಳಿಯುವುದಿಲ್ಲ, ಉಳಿಯಬೇಕಾಗಿಯೂ ಇಲ್ಲ.

ರಸ್ತೆಯ ಫಾಗಿಂಗ್ ಬೇರೆ ವಿಷಯ. ಬೆಂಗಳೂರಿನ ಯಾವ ಬಡಾವಣೆಯಲ್ಲಾದರೂ ಜ್ವರದ ಸುದ್ದಿ ಬಂದರೆ ನಿವಾಸಿಗಳ ಮೊದಲ ಬೇಡಿಕೆ ಫಾಗಿಂಗ್. ಡೀಸೆಲ್ಲಿನಲ್ಲಿ ಬೆರೆಸಿದ ಮದ್ದು ದಟ್ಟ ಹೊಗೆಯಾಗಿ ಬೀದಿ ತುಂಬುತ್ತದೆ, ಮಕ್ಕಳು ಹಿಂದೆ ಓಡುತ್ತಾರೆ, ಏನೋ ನಡೆಯಿತು ಎಂದು ಎಲ್ಲರಿಗೂ ನೆಮ್ಮದಿ. ಆ ಹೊಗೆಯ ಹನಿಗಳು ಗಾಳಿಯಲ್ಲಿ ತೇಲುವಷ್ಟು ಹೊತ್ತು ಮಾತ್ರ ಕೊಲ್ಲುತ್ತವೆ. ಗಾಳಿ ಜೋರಾಗಿದ್ದರೆ, ಮಧ್ಯಾಹ್ನದ ಬಿಸಿಗೆ ನೆಲದ ಗಾಳಿ ಮೇಲೇರುತ್ತಿದ್ದರೆ ಅಷ್ಟೂ ಇಲ್ಲ. ಮೇಲಾಗಿ ಹೊಗೆ ಬಂತೆಂದು ಮನೆಯವರು ಕಿಟಕಿ ಮುಚ್ಚುತ್ತಾರೆ. ಈಡಿಸ್ ಇರುವುದು ಆ ಮುಚ್ಚಿದ ಕಿಟಕಿಯ ಒಳಗೆ! ಡ್ರಮ್ಮಿನಲ್ಲಿ, ಹೂಕುಂಡದ ತಟ್ಟೆಯಲ್ಲಿ, ಬಿಸಾಕಿದ ಟೈರಿನಲ್ಲಿ ಇರುವ ಮರಿಗಳಿಗೆ ಈ ಹೊಗೆಯ ಗೊಡವೆಯೇ ಇಲ್ಲ. ಫಾಗಿಂಗ್ ರೋಗ ಉಲ್ಬಣಿಸಿದಾಗಿನ ತುರ್ತು ಉಪಾಯ, ವಾರಕ್ಕೊಮ್ಮೆ ಮಾಡುವ ಸೇವೆಯಲ್ಲ. ಇದನ್ನು ಅಧಿಕಾರಿಗಳು ಬಲ್ಲರು. ಜನರ ಒತ್ತಾಯಕ್ಕೆ ಯಂತ್ರ ಹೊರಡುತ್ತದೆ.

ವಿಮಾನಗಳಲ್ಲಿ ಎರಡೂ ಪದ್ಧತಿ ಅಕ್ಕಪಕ್ಕದಲ್ಲೇ ಇವೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಂಥ ದೇಶಗಳಿಗೆ ಹೋಗುವ ವಿಮಾನಗಳಲ್ಲಿ ಗಗನಸಖಿಯರು ನಡುದಾರಿಯಲ್ಲಿ ಡಬ್ಬಿ ಹಿಡಿದು ಸಿಂಪಡಿಸುತ್ತ ಹೋಗುವುದನ್ನು ಕಂಡವರಿದ್ದಾರೆ. ಅದು ಡಿ-ಫಿನೊಥ್ರಿನ್, ಆ ಕ್ಷಣಕ್ಕೆ ಕೆಡವುವ ಮದ್ದು. ಅದು ಬೇಡವೆಂದರೆ ವಿಮಾನ ಖಾಲಿಯಿರುವಾಗ ಒಳಮೈಗೆ ಪರ್ಮೆಥ್ರಿನ್ ಹೊಡೆದಿರಬೇಕು. ಅದರ ಪ್ರಮಾಣಪತ್ರಕ್ಕೆ ಎಂಟು ವಾರದ ಬೆಲೆ.

ಇನ್ನು ನಗರದ ಅಡುಗೆಮನೆ. ಪೆಸ್ಟ್ ಕಂಟ್ರೋಲ್‌ನವರಿಗೆ ಹೊಟ್ಟೆಪಾಡು ಕೊಟ್ಟಿರುವುದೂ, ತಲೆನೋವು ಕೊಟ್ಟಿರುವುದೂ ಇಲ್ಲಿನ ಸಣ್ಣ ಜಿರಲೆ. ಮೋರಿಯಿಂದ ಬರುವ ದೊಡ್ಡ ಕೆಂಗಂದು ಜಿರಲೆ ಅಲ್ಲ. ಮಿಕ್ಸಿಯ ತಳದಲ್ಲಿ, ಫ್ರಿಜ್ಜಿನ ಬಾಗಿಲ ರಬ್ಬರಿನಲ್ಲಿ, ಕಪಾಟಿನ ಕೀಲಿನ ಸಂದಿಯಲ್ಲಿ ಸೇರಿಕೊಳ್ಳುವ, ಬೆನ್ನಿನ ಮೇಲೆ ಎರಡು ಕಪ್ಪು ಗೀರಿರುವ ಜರ್ಮನ್ ಜಿರಲೆ. ಹೆಸರಿಗೆ ಜರ್ಮನಿಯದು. 2024ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ಇದು ಸುಮಾರು 2,100 ವರ್ಷಗಳ ಹಿಂದೆ ಭಾರತ ಅಥವಾ ಮ್ಯಾನ್ಮಾರ್‌ನಲ್ಲಿ ಏಷ್ಯಾದ ಜಿರಲೆಯಿಂದ ಕವಲೊಡೆದದ್ದೆಂದು ತೋರಿಸಿತು. ಅಂದರೆ ನಮ್ಮ ಕಡೆಯದೇ, ಲೋಕ ಸುತ್ತಿ ಮನೆಗೆ ಮರಳಿದೆ.

ಇದರ ಹೆಣ್ಣು ಮೊಟ್ಟೆಯ ಚೀಲವನ್ನು ಒಡೆಯುವವರೆಗೂ ತನ್ನ ಹಿಂಬದಿಯಲ್ಲೇ ಹೊತ್ತಿರುತ್ತದೆ. ಒಂದು ಚೀಲದಲ್ಲಿ 30ರಿಂದ 40 ಮರಿ. ಆ ಅವಧಿಯಲ್ಲಿ ಅದು ಸಂದಿ ಬಿಟ್ಟು ಹೊರಗೆ ಬರುವುದೇ ಅಪರೂಪ. ರಾತ್ರಿ ದೀಪ ಹಾಕಿ ಸ್ಪ್ರೇ ಹೊಡೆದವರಿಗೆ ಸಿಗುವುದು ಹೊರಗೆ ಅಡ್ಡಾಡುವ ಕೆಲವು ಮಾತ್ರ. ಸಂಸಾರವೆಲ್ಲ ಒಳಗೆ ಕ್ಷೇಮ. ಅಷ್ಟೇ ಅಲ್ಲ, ಸ್ಪ್ರೇಯಲ್ಲಿರುವ ಪೈರೆಥ್ರಾಯ್ಡ್, ಅಂದರೆ ಪೈರೆಥ್ರಿನ್ ಮಾದರಿಯಲ್ಲಿ ತಯಾರಿಸಿದ ಮದ್ದಿನ ವಾಸನೆಗೆ ಕೆರಳಿ ಜಿರಲೆಗಳು ಅಡುಗೆಮನೆಯಿಂದ ಪಕ್ಕದ ಕೋಣೆಗೆ, ಪೈಪಿನ ದಾರಿ ಹಿಡಿದು ಪಕ್ಕದ ಫ್ಲ್ಯಾಟಿಗೆ ಚದುರುತ್ತವೆ.

ಅನುಭವಿ ಕೆಲಸಗಾರ ಈ ಕೆರಳಿಸುವ ಗುಣವನ್ನೇ ಉಪಯೋಗಿಸಿಕೊಳ್ಳುತ್ತಾನೆ. ಟಾರ್ಚು ಹಿಡಿದು, ಶಂಕೆ ಬಂದ ಸಂದಿಗೆ ತೆಳು ನಳಿಗೆಯಿಂದ ಒಂದೇ ಒಂದು ಚಿಮುಕು ಪೈರೆಥ್ರಿನ್ ಬಿಡುತ್ತಾನೆ. ಎಲ್ಲಿಂದ ಎಷ್ಟು ಓಡಿಬಂದವು ಎಂದು ನೋಡುತ್ತಾನೆ. ಅದು ಕೊಲ್ಲುವ ಪ್ರಯತ್ನವೇ ಅಲ್ಲ, ಅಡಗುದಾಣ ಹುಡುಕುವ ತಪಾಸಣೆ. ಕೊಲ್ಲುವ ಕೆಲಸ ಜೆಲ್‌ನದು: ಫಿಪ್ರೊನಿಲ್, ಇಮಿಡಾಕ್ಲೊಪ್ರಿಡ್, ಇಂಡಾಕ್ಸಕಾರ್ಬ್ ಇಂಥ ವಿಷವನ್ನು ಸಿಹಿ ತಿನಿಸಿನಲ್ಲಿ ಕಲಸಿದ ಕಂದು ಅಂಟು. ಸಿರಿಂಜಿನಿಂದ ಕೀಲಿನ ಹಿಂದೆ, ಡ್ರಾಯರಿನ ಅಡಿಯಲ್ಲಿ ಚಿಕ್ಕ ಚಿಕ್ಕ ಬೊಟ್ಟಿಡುತ್ತಾನೆ. ತಿಂದ ಜಿರಲೆ ಅಲ್ಲೇ ಬೀಳಬಾರದು, ಗೂಡಿಗೆ ಮರಳಬೇಕು. ಅಲ್ಲಿ ಅದು ಹಾಕುವ ಹಿಕ್ಕೆಯನ್ನು ಹೊರಬರದ ಮರಿಗಳು ತಿನ್ನುತ್ತವೆ, ಸತ್ತ ಮೇಲೆ ಹೆಣವನ್ನೂ ತಿನ್ನುತ್ತವೆ. ಹೇಸಿಗೆಯ ಮಾತು, ಆದರೆ ಈ ವಿಧಾನದ ಯಶಸ್ಸೆಲ್ಲ ಆ ಹೇಸಿಗೆಯಲ್ಲಿದೆ. ವಿಷ ಬೇಗ ಕೆಲಸ ಮಾಡಿದಷ್ಟೂ ನಷ್ಟ.

ಜೆಲ್ ಇಟ್ಟು ಹೋದ ಮರುದಿನ ಮನೆಯವರು ಒಂದು ಜಿರಲೆ ಓಡಾಡುವುದನ್ನು ಕಂಡು, ತಾಳಲಾರದೆ ಡಬ್ಬಿ ತೆಗೆದು ಅಡುಗೆಮನೆಗೆಲ್ಲ ಹೊಡೆಯುತ್ತಾರೆ. ಜೆಲ್ಲಿನ ಮೇಲೆ ಸ್ಪ್ರೇ ಕೂತರೆ ಜಿರಲೆ ಅದನ್ನು ಮೂಸುವುದೂ ಇಲ್ಲ. ಎರಡು ವಾರದ ಕೆಲಸ ಹತ್ತು ಸೆಕೆಂಡಿನಲ್ಲಿ ಹಾಳು.

ಜಿರಲೆಯೂ ಸುಮ್ಮನೆ ಕೂತಿಲ್ಲ. 1990ರ ದಶಕದ ಆರಂಭದಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಜೂಲ್ಸ್ ಸಿಲ್ವರ್‌ಮನ್ ಎಂಬ ಕೀಟತಜ್ಞರು ಗ್ಲೂಕೋಸ್ ಇರುವ ವಿಷದ ತಿನಿಸನ್ನು ತಿನ್ನದೆ, ವಿಷವಿಲ್ಲದ ಗ್ಲೂಕೋಸಿಗೂ ಮುಖ ತಿರುಗಿಸುವ ಜಿರಲೆಗಳನ್ನು ಗುರುತಿಸಿದರು. ಅವುಗಳ ನಾಲಿಗೆಗೆ ಗ್ಲೂಕೋಸ್ ಕಹಿಯಾಗಿ ಹತ್ತುತ್ತದೆಂದು 2013ರಲ್ಲಿ ಅವರೂ ಸಂಗಡಿಗರೂ ತೋರಿಸಿಕೊಟ್ಟರು. ಜೆಲ್ ತಯಾರಕರು ತಿನಿಸಿನ ಪಾಕವನ್ನೇ ಬದಲಿಸಬೇಕಾಯಿತು.

ನಿಧಾನವೇ ಲಾಭ ಎಂಬುದು ಗೆದ್ದಲಿನ ವಿಷಯದಲ್ಲೂ ನಿಜ, ಇನ್ನೂ ದೊಡ್ಡ ಪ್ರಮಾಣದಲ್ಲಿ. ಬಾಗಿಲ ಚೌಕಟ್ಟಿನಲ್ಲಿ ಕಾಣುವ ಮಣ್ಣಿನ ಜಾಡಿಗೆ ಸ್ಪ್ರೇ ಹೊಡೆದರೆ ನಾಲ್ಕು ಕೆಲಸಗಾರ ಹುಳ ಸಾಯುತ್ತವೆ. ರಾಣಿ ನೆಲದೊಳಗೆ, ಎಲ್ಲೋ ದೂರದ ಹುತ್ತದಲ್ಲಿ. ಹಿಂದೆಲ್ಲ ಮನೆ ಕಟ್ಟುವಾಗ ಪಾಯಕ್ಕೆ ಆಲ್ಡ್ರಿನ್ ಸುರಿಯುತ್ತಿದ್ದರು. ದಶಕಗಟ್ಟಲೆ ಉಳಿಯುವ ಆ ವಿಷವನ್ನು ಭಾರತ 1996ರಲ್ಲಿ ನಿಷೇಧಿಸಿತು. ಈಗಾಗಲೇ ಕಟ್ಟಿದ ಮನೆಗಾದರೆ ಈಗ ಭಾರತೀಯ ಮಾನಕ 6313ರ ಮೂರನೇ ಭಾಗದ ಪ್ರಕಾರ ಗೋಡೆಯೂ ನೆಲವೂ ಸೇರುವಲ್ಲಿ 12 ಮಿಲಿಮೀಟರ್ ಅಗಲದ ತೂತುಗಳನ್ನು 300 ಮಿಲಿಮೀಟರಿಗೊಂದರಂತೆ ಕೊರೆದು ಔಷಧಿ ತುಂಬಿ ಸಿಮೆಂಟು ಮುಚ್ಚುತ್ತಾರೆ. ಬೈಫೆಂಥ್ರಿನ್ ತುಂಬಿದರೆ ಗೆದ್ದಲು ಅದನ್ನು ಗ್ರಹಿಸಿ ಹಿಂದೆ ಸರಿಯುತ್ತದೆ, ಎಲ್ಲಾದರೂ ಔಷಧಿ ತಲುಪದ ಸಂದಿ ಸಿಕ್ಕರೆ ಅಲ್ಲಿಂದ ನುಗ್ಗುತ್ತದೆ. ಇಮಿಡಾಕ್ಲೊಪ್ರಿಡ್ ಅದಕ್ಕೆ ಗೊತ್ತೇ ಆಗುವುದಿಲ್ಲ. ವಿಷದ ಮಣ್ಣಿನಲ್ಲಿ ಹಾದು ಹೋದ ಹುಳ ಕೂಡಲೇ ಸಾಯದೆ ಬಳಗದ ಮೈ ನೆಕ್ಕುತ್ತ, ತುತ್ತು ಹಂಚುತ್ತ ವಿಷವನ್ನೂ ಹಂಚುತ್ತದೆ. ಹಾಗಾಗಿ ಈ ಕೆಲಸ ಮುಗಿದ ದಿನ ನೋಡಲು ಏನೂ ಇರುವುದಿಲ್ಲ, ಗೋಡೆಯ ಬುಡದ ಸಿಮೆಂಟಿನ ಚುಕ್ಕೆಗಳನ್ನು ಬಿಟ್ಟರೆ.

ತಿಗಣೆಯ ಮುಂದೆ ಎರಡೂ ಮದ್ದು ಮಂಕು. ತಕ್ಷಣದ್ದು ಮೊಟ್ಟೆಗೆ ತಾಕುವುದಿಲ್ಲ. ಮೊಟ್ಟೆ ವಾರ ಹತ್ತು ದಿನದಲ್ಲಿ ಒಡೆಯುತ್ತದೆ. ಆದ್ದರಿಂದ ಎರಡು ವಾರದೊಳಗೆ ಇನ್ನೊಮ್ಮೆ ಬರದ ತಿಗಣೆ ಚಿಕಿತ್ಸೆ ಅರ್ಧ ಚಿಕಿತ್ಸೆ. ಉಳಿಯುವ ಮದ್ದಿಗೆ ತಿಗಣೆ ಒಗ್ಗಿಕೊಂಡು ಎಷ್ಟೋ ಕಾಲವಾಯಿತು. ಹವಾಯಿ ದ್ವೀಪದ ಪರ್ಲ್ ಹಾರ್ಬರ್ ನೌಕಾನೆಲೆಯ ಬ್ಯಾರಕ್ಕುಗಳಲ್ಲಿ ಡಿಡಿಟಿಗೆ ಸಾಯದ ತಿಗಣೆ ಕಂಡದ್ದು 1947ರಲ್ಲಿ. ಬೆಂಗಳೂರಿನ ಪಿ.ಜಿ.ಗಳಲ್ಲಿ ಇಂದು ಹಬೆಯಂತ್ರ, ಬಿಸಿನೀರಿನಲ್ಲಿ ಒಗೆದ ಹೊದಿಕೆ, ಮಂಚದ ಬಿರುಕು ಮುಚ್ಚುವ ಕೆಲಸ ಔಷಧಿಗಿಂತ ಹೆಚ್ಚಿನ ಫಲ ಕೊಡುತ್ತವೆ.

ಈ ಒಗ್ಗಿಕೊಳ್ಳುವಿಕೆ ಬಹುಕಾಲ ಉಳಿಯುವ ಮದ್ದಿನ ದೊಡ್ಡ ಸಾಲ. ಹೊಡೆದ ದಿನ ಗೋಡೆಯ ಮೇಲಿನ ವಿಷ ಎಲ್ಲವನ್ನೂ ಕೊಲ್ಲುತ್ತದೆ. ನಾಲ್ಕಾರು ತಿಂಗಳಾದ ಮೇಲೆ ಅದು ಸವೆದು, ಬಲಹೀನ ಹುಳಗಳನ್ನು ಕೊಂದು ಗಟ್ಟಿಯವನ್ನು ಉಳಿಸುತ್ತದೆ. ಮುಂದಿನ ಪೀಳಿಗೆ ಆ ಗಟ್ಟಿಗರದು. ಡಿಡಿಟಿಗೆ ಸಾಯದ ನೊಣ ಸ್ವೀಡನ್ನಿನಲ್ಲಿ ಕಂಡದ್ದು 1946ರಲ್ಲಿ, ಅಂದರೆ ಮುಲ್ಲರ್ ನೊಬೆಲ್ ಪಡೆಯುವ ಮೊದಲೇ. ಭಾರತದ ಬಯಲುಸೀಮೆಯ ಮಲೇರಿಯಾ ಸೊಳ್ಳೆ ಅನಾಫಿಲಿಸ್ ಕ್ಯೂಲಿಸಿಫೇಸಿಸ್ ಕೂಡ ಡಿಡಿಟಿ ಅರಗಿಸಿಕೊಂಡಿತು. 1976ರ 64 ಲಕ್ಷ ಪ್ರಕರಣಗಳ ಹಿಂದೆ ಆಡಳಿತದ ಸಡಿಲಿಕೆಯ ಜೊತೆಗೆ ಇದೂ ಒಂದು ಕಾರಣ. 1970ರ ದಶಕದಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಮೈಕೆಲ್ ಎಲಿಯಟ್ ಅವರ ತಂಡ ಬಿಸಿಲಿಗೆ ಕರಗದ ಪೈರೆಥ್ರಾಯ್ಡ್‌ಗಳನ್ನು ತಯಾರಿಸಿತು: 1973ರಲ್ಲಿ ಪರ್ಮೆಥ್ರಿನ್, ಮರುವರ್ಷ ಡೆಲ್ಟಾಮೆಥ್ರಿನ್. ಹೂವಿನ ವೇಗವೂ ಉಳಿಯುವ ಗುಣವೂ ಕೂಡಿ ಬಂದವೆಂದು ಜಗತ್ತು ಹಿಗ್ಗಿತು. ಆದರೆ ಡಿಡಿಟಿಯೂ ಇವೂ ತಟ್ಟುವುದು ನರದ ಅದೇ ಸೋಡಿಯಂ ಬಾಗಿಲಿಗೆ. ಆ ಬಾಗಿಲ ಆಕಾರ ಬದಲಿಸಿಕೊಂಡಿದ್ದ ಹುಳಗಳಿಗೆ ಹೊಸ ಮದ್ದೂ ಹಳೆಯದೇ.

ಹೀಗಾಗಿ ಸಂಶೋಧಕರು ಈಗ ಮತ್ತೆ ನಿಧಾನದ ಕಡೆ ಹೊರಳಿದ್ದಾರೆ. ಸೊಳ್ಳೆಪರದೆಗೆ ಹಚ್ಚುವ ಕ್ಲೋರ್‌ಫಿನಾಪಿರ್ ನರಕ್ಕೆ ಕೈಹಾಕುವುದೇ ಇಲ್ಲ, ಜೀವಕೋಶದ ಶಕ್ತಿಯ ಮೂಲವನ್ನು ಕೆಡಿಸುತ್ತದೆ. ಸೊಳ್ಳೆ ಸಾಯಲು ಒಂದರಿಂದ ಮೂರು ದಿನ. ಪೈರೆಥ್ರಾಯ್ಡ್‌ಗೆ ಜಗ್ಗದ ಸೊಳ್ಳೆಗಳಿರುವ ಟಾಂಜಾನಿಯಾದಲ್ಲಿ ಇಂಥ ಪರದೆಗಳು ಮಕ್ಕಳ ಮಲೇರಿಯಾವನ್ನು ಹಳೆಯ ಪರದೆಗಳಿಗಿಂತ ಚೆನ್ನಾಗಿ ತಗ್ಗಿಸಿದವೆಂದು 2022ರಲ್ಲಿ ವರದಿಯಾಯಿತು.

ಉಳಿಯುವುದಕ್ಕೂ ಒಂದು ಮಿತಿ ಬೇಕು ಎಂಬುದನ್ನು ಡಿಡಿಟಿಯೇ ಕಲಿಸಿತು. ಅದು ಮಣ್ಣಿನಲ್ಲಿ, ಮೀನಿನಲ್ಲಿ, ಹದ್ದಿನ ಮೊಟ್ಟೆಯಲ್ಲಿ, ತಾಯಿಯ ಹಾಲಿನಲ್ಲಿ ಉಳಿಯಿತು. 1989ರಲ್ಲಿ ಭಾರತ ಕೃಷಿಯಲ್ಲಿ ಅದರ ಬಳಕೆ ನಿಲ್ಲಿಸಿತು. 2001ರ ಸ್ಟಾಕ್‌ಹೋಮ್ ಒಪ್ಪಂದ ರೋಗವಾಹಕ ಕೀಟಗಳ ಹತೋಟಿಗಷ್ಟೇ ಅವಕಾಶ ಉಳಿಸಿತು. ಇತ್ತ ವೇಗಕ್ಕೆ ಹೆಸರಾದ, ಆವಿಯಾಗಿ ಕೊಲ್ಲುವ ಡೈಕ್ಲೋರ್‌ವಾಸ್ ಮನುಷ್ಯನಿಗೂ ಅಷ್ಟೇ ವೇಗದ ವಿಷ. 2020ರ ಡಿಸೆಂಬರ್ 31ರ ನಂತರ ದೇಶದಲ್ಲಿ ಅದರ ಬಳಕೆಗೆ ಅನುಮತಿಯಿಲ್ಲ. ಹಳೆಯ ದಾಸ್ತಾನಿನಿಂದ ಯಾರಾದರೂ ಅದನ್ನು ಹೊಡೆಯಲು ಬಂದರೆ ಬಾಗಿಲಲ್ಲೇ ವಾಪಸು ಕಳಿಸಬೇಕು.

ವೃತ್ತಿಪರರಿಗೆ ಈ ವಿವೇಚನೆ ಹೇಳಿಕೊಡುವ ವ್ಯವಸ್ಥೆ ಇಲ್ಲದಿಲ್ಲ. 1971ರ ಕೀಟನಾಶಕ ನಿಯಮಗಳು ಪೆಸ್ಟ್ ಕಂಟ್ರೋಲ್ ಪರವಾನಗಿಗೆ ಪದವಿಯ ಜೊತೆ ಕನಿಷ್ಠ ಹದಿನೈದು ದಿನದ ತರಬೇತಿ ಕೇಳುತ್ತವೆ. ಆ ತರಬೇತಿಗೆ ಹೆಸರಿಸಿದ ಸಂಸ್ಥೆಗಳಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವೂ ಒಂದು. ಆದರೆ ತರಬೇತಿ ಪಡೆದವರು ಕಚೇರಿಯಲ್ಲಿದ್ದು, ಮನೆಗೆ ಬರುವ ಹುಡುಗನಿಗೆ ಪಂಪು ಮಾತ್ರ ಗೊತ್ತಿರುವುದು ಹೊಸ ಸಂಗತಿಯೇನಲ್ಲ.

ಆದ್ದರಿಂದ ಕೇಳುಗರಲ್ಲಿ ಒಂದು ಬಿನ್ನಹ. ಮುಂದಿನ ಸಲ ಮನೆಗೆ ಔಷಧಿ ಹೊಡೆಸುವಾಗ ‘ತಕ್ಷಣ ಸಾಯುತ್ತಾ?’ ಎಂಬ ಪ್ರಶ್ನೆ ಪಕ್ಕಕ್ಕಿಡಿ. ಔಷಧಿಯ ಹೆಸರೇನು, ಎಷ್ಟು ದಿನ ಉಳಿಯುತ್ತದೆ, ಮತ್ತೆ ಯಾವಾಗ ಬರುತ್ತೀರಿ ಎಂದು ಕೇಳಿ, ಉತ್ತರವನ್ನು ಬಿಲ್ಲಿನ ಮೇಲೇ ಬರೆಸಿಕೊಳ್ಳಿ. ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ನೋಡಿ: ಕೆಂಪು ಕಡುವಿಷ, ಆಮೇಲೆ ಹಳದಿ, ನೀಲಿ, ಹಸಿರು. ಮನೆಯಲ್ಲಿ ಮೀನಿನ ತೊಟ್ಟಿಯೋ ಬೆಕ್ಕೋ ಇದ್ದರೆ ಮೊದಲೇ ತಿಳಿಸಿ, ಪೈರೆಥ್ರಾಯ್ಡ್‌ಗಳು ಮೀನಿಗೆ ಮಾರಕ, ಪರ್ಮೆಥ್ರಿನ್ ಬೆಕ್ಕಿಗೂ ಆಗದು. ಜೆಲ್ ಇಟ್ಟಿದ್ದರೆ ಒಂದೆರಡು ವಾರ ಆ ಮೂಲೆಗಳನ್ನು ಒರೆಸಬೇಡಿ, ಸ್ಪ್ರೇ ಡಬ್ಬಿಯನ್ನು ಕೈಗೆ ಸಿಗದ ಜಾಗದಲ್ಲಿಡಿ.